ಅಳಿಸುವ ಮುನ್ನ ಮುದ್ರೆ

ಅಂತರಜಾಲದ ಅಪರಾಧಗಳ ತನಿಖೆಯಲ್ಲಿ ಕಾನೂನನ್ನೂ ತಂತ್ರಜ್ಞಾನವನ್ನೂ ಜೊತೆಜೊತೆಯಾಗಿ ನಡೆಸಿದವರು ನಮ್ಮಲ್ಲಿ ಹೆಚ್ಚು ಮಂದಿಯಿಲ್ಲ. ಆ ಕೆಲವರಲ್ಲಿ, ಇದೀಗ ನಿವೃತ್ತರಾದ ಇನ್ಸ್‌ಪೆಕ್ಟರ್ ಶ್ರೀಮತಿ ಹೇಮಲತಾ ಅವರದು ಮುಂಚೂಣಿಯ ಹೆಸರು. ಪೀಣ್ಯದಲ್ಲಿ ವೈರ್‌ಲೆಸ್ ಸೆಟ್ಟಿನ ಮುಂದೆ ಸೇವೆ ಆರಂಭಿಸಿದ ಅವರು, ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತು, ಎಲೆಕ್ಟ್ರಾನಿಕ್ ಸಿಟಿ ಕಡೆಯ ಸೈಬರ್ ಠಾಣೆಗೆ ಬಂದಾಗ, ಅಲ್ಲಿ ತಾಂತ್ರಿಕ ಸಹಾಯಕಿಯಾಗಿ ಆಗಷ್ಟೇ ಸೇರಿದ್ದ ನನಗೆ ಎಲ್ಲ ಬಲ್ಲೆನೆಂಬ ಜಂಬವಿತ್ತು.

ಆ ಜಂಬ ಇಳಿದದ್ದು ಮಲಕವ್ವ ಬಂದ ದಿನ. (ಹೆಸರು ಬದಲಿಸಿದ್ದೇನೆ, ಮೇಡಂ ಕೈಕೆಳಗೆ ಪಳಗಿದವಳು ಅಷ್ಟೂ ಮಾಡದಿದ್ದರೆ ಹೇಗೆ?) ಕೊಪ್ಪಳದ ಕಡೆಯಿಂದ ಬಂದು, ಹೆಬ್ಬಗೋಡಿಯ ಬಾಡಿಗೆ ಕೋಣೆಯಲ್ಲಿದ್ದು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದ ಆಕೆ ಮದುವೆಗೆ ಒಪ್ಪಲಿಲ್ಲವೆಂಬ ಸಿಟ್ಟಿಗೆ, ಪರಿಚಿತನೊಬ್ಬ ಆಕೆಯ ಖಾಸಗಿ ಚಿತ್ರವನ್ನು ಜಾಲತಾಣಕ್ಕೆ ಹಾಕಿ, ಆಕೆಗೂ ಕಳಿಸಿ ಬೆದರಿಸಿದ್ದ.

"ಊರಿಗಿ ಮುಟ್ಟೂದ್ರಾಗ ತಗಿಸ್ರಿ ಅಕ್ಕಾ, ಇಲ್ಲಾಂದ್ರ ನಾ ಮತ್ತ ಊರಿಗಿ ಹ್ಯಾಂಗ ಹೋಗ್ಲಿ?" ಎಂದು ಆಕೆ ಅತ್ತರು. ಸಮಾಧಾನವಾಗಲೆಂದು ಆಕೆಯ ಫೋನ್ ತೆಗೆದುಕೊಂಡು ಆ ಸಂದೇಶವನ್ನು ಅಳಿಸಿಯೇಬಿಟ್ಟೆ.

ಮೇಡಂ ಅವರ ಕ್ರಮ ಬೇರೆಯಿತ್ತು: ಮೊದಲು ಮುದ್ರೆ, ಆಮೇಲೆ ಅಳಿಸುವುದು. ಚಿತ್ರವನ್ನು ಒಬ್ಬರು ಒಮ್ಮೆ ಮಾತ್ರ ನೋಡಿ, ಅದರಿಂದ ಹ್ಯಾಷ್ ಎಂಬ ಉದ್ದನೆಯ ಸಂಖ್ಯೆ ತೆಗೆದು, ಮೂಲವನ್ನು ಲಕೋಟೆಯಲ್ಲಿಟ್ಟು ಮುದ್ರೆ ಹಾಕಬೇಕು. ಅಲ್ಲಿಂದ ಮುಂದೆ ಕಡತದಲ್ಲೂ ಮಾತಿನಲ್ಲೂ ಓಡಾಡಬೇಕಾದದ್ದು ಆ ಸಂಖ್ಯೆ ಮಾತ್ರ. ಅದನ್ನು ಹಿಡಿದು ಹುಡುಕಿದರೆ ಅದೇ ಚಿತ್ರ ಬೇರೆಡೆ ಇದ್ದರೂ ಸಿಗುತ್ತದೆ.

"ಪಾಪ ಅಂತ ಅಳಿಸ್ಬಿಟ್ಟೆ. ಈಗ ಕಳಿಸಿದ್ದು ಅವ್ನೇ ಅನ್ನೋದಕ್ಕೆ ಏನಿದೆ ಸೌಮ್ಯಾ?" ಎಂದರು. ದನಿ ಏರಿಸಲಿಲ್ಲ; ಆದರೆ ನನ್ನ ತಪ್ಪನ್ನು ನನ್ನ ಕೈಯಲ್ಲೇ ಡೈರಿಗೆ ಬರೆಸಿ, ಕೆಳಗೆ ತಾವೂ ಸಹಿ ಹಾಕಿದರು. ನಾಚಿಕೆಯಿಂದ ಸತ್ತೇಹೋದೆ.

ಅಂದೇ ಮಧ್ಯಾಹ್ನ ಸಾದಾ ಸೀರೆಯುಟ್ಟು, ನನ್ನನ್ನೂ ಕರೆದುಕೊಂಡು ಹೆಬ್ಬಗೋಡಿಗೆ ಹೋದರು. ಮಲಕವ್ವನ ಪಕ್ಕದ ಮೆಷಿನ್ನಿನ ಶಿವಗಂಗಾಳಿಗೂ ಅವನು ಅದೇ ಚಿತ್ರ ಕಳಿಸಿದ್ದನೆಂದು ತಿಳಿದದ್ದು, ಮೇಡಂ ಅವಳೊಡನೆ ಚಹಾ ಕುಡಿಯುತ್ತ ಒಂದು ತಾಸು ಕೂತ ಮೇಲೆ. "ಹ್ಯಾಂಗ ಹೇಳ್ಲಿ ಅಂತ ಸುಮ್ನಿದ್ದೇರಿ," ಎಂದು ಅವಳು ಫೋನನ್ನೇ ಒಪ್ಪಿಸಿದಳು. ಆ ಫೋನಿನಿಂದ ಕಳಿಸಿದ್ದು ಅವನೇ ಎಂಬುದಕ್ಕೆ ಸಾಕ್ಷಿಯೂ ಚಿತ್ರದ ಹ್ಯಾಷ್ ಸಂಖ್ಯೆಯೂ ಸಿಕ್ಕವು, ಜಾಲತಾಣಕ್ಕೆ ನೋಟಿಸು ಹೋಯಿತು. ಮರುದಿನ ಸಂಜೆಯೊಳಗೆ ಚಿತ್ರ ಇಳಿಯಿತು. ಊರಿಗೆ ಮುಟ್ಟಲಿಲ್ಲ. ಅವನಿಗೆ ಶಿಕ್ಷೆಯಾಗಲು ಎರಡು ವರ್ಷ ಹಿಡಿಯಿತು.

ಕಳೆದ ತಿಂಗಳ ಬೀಳ್ಕೊಡುಗೆಗೆ ಮಲಕವ್ವನೂ ಬಂದಿದ್ದರು. ಎಲ್ಲರೂ ಫೋಟೋಗೆ ಸಾಲಾಗಿ ನಿಂತಾಗ ಮೇಡಂ ಮೆಲ್ಲಗೆ, "ಇಷ್ಟ ಇಲ್ದಿದ್ರೆ ಪಕ್ಕಕ್ಕೆ ಹೋಗಮ್ಮ, ಪರವಾಗಿಲ್ಲ," ಎಂದರು. "ಇಲ್ರೀ, ನಡಕ್ಕ ನಿಂದ್ರತೀನಿ," ಎಂದ ಆಕೆ ಸೆರಗು ಸರಿಮಾಡಿಕೊಂಡು ಮೇಡಂ ಕೈ ಹಿಡಿದು ನಿಂತರು.

ಮೇಡಂ, ಇನ್ನೂ ಅನೇಕ ಹೆಣ್ಣುಮಕ್ಕಳು ಹಾಗೆ ಕ್ಯಾಮೆರಾದ ಮುಂದೆ ತಲೆಯೆತ್ತಿ ನಿಲ್ಲುವುದನ್ನು ನೋಡುವಷ್ಟು ಕಾಲ ನೀವು ಬಾಳಬೇಕು, ದುಡಿಯಬೇಕು.