ಎಕ್ಕದೆಲೆ ಇಡುವ ಕೈ

ರಥಸಪ್ತಮಿಯ ದಿನ ನಾನು ತಲೆಗೆ ನೀರು ಹುಯ್ದುಕೊಳ್ಳದೆ ಸೂರ್ಯ ಮೇಲೇಳುತ್ತಿರಲಿಲ್ಲ. ಬೇಕಾದರೆ ನಮ್ಮೂರು ಬಂಡೂರಿನ ಕುರಿಗಳನ್ನು ಕೇಳಿ. ಯುದ್ಧ ನಡೆಯುತ್ತಿದ್ದ ಒಂದು ವರ್ಷ, ನಾನು ಕೆಲಸಕ್ಕಿದ್ದ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಕಾಲ, ಊರಿಗೆ ಹೋಗಲು ರಜೆ ಸಿಗಲಿಲ್ಲ. ನಾಲೆಯಲ್ಲಿ ನಿಂತು ಎಕ್ಕದೆಲೆಗಳನ್ನು ನೆತ್ತಿಗೂ ಭುಜಕ್ಕೂ ನಾನೇ ಇಟ್ಟುಕೊಂಡೆ. ನೀರಿಗೆ ಬಗ್ಗಿದರೆ ಎಲೆಗಳು ಜಾರಿ ತೇಲಿಹೋಗುತ್ತಿದ್ದವು. ಊರಲ್ಲಾದರೆ ಅವ್ವ ಇಡುತ್ತಿದ್ದಳು.

ಎಮ್ಮೆ ತೊಳೆಯುತ್ತಿದ್ದ ಮುದುಕಿಯೊಬ್ಬಳು ನಕ್ಕಳು. “ನಿನ್ ತಲೆಗೆ ನೀನೇ ಇಟ್ಕಂಡ್ರೆ ನಿಂತದೇನ್ಲಾ? ಮನೇಲಿ ಯಾರೂ ಇಲ್ವಾ?”

“ಎಲ್ಲಾ ಅವ್ರೆ ಕಣಜ್ಜಿ, ಬಂಡೂರಲ್ಲಿ. ನಾನೇ ಅಲ್ಲಿಲ್ಲ.”

“ಬಗ್ಗು ಮತ್ತೆ.”

ಎಲೆಯಿಟ್ಟು, ಅಂಗೈಯಿಂದ ಒತ್ತಿ ಹಿಡಿದು, ಚೊಂಬಿನಲ್ಲಿ ನೀರು ಹುಯ್ದಳು. ಅವ್ವನ ಹಾಗೇ ಕಿವಿಯ ಹಿಂದೆಯೂ ಉಜ್ಜಿದಳು.

“ಯಾಕ್ಲಾ, ಅಳ್ತಿದ್ದೀಯಾ?”

“ಎಕ್ಕದ ಹಾಲು ಕಣ್ಗೆ ಬಿತ್ತಜ್ಜಿ.”

“ಬೀಳ್ತದೆ ಬುಡು,” ಅಂದು ಎಮ್ಮೆಯ ಕಡೆ ತಿರುಗಿದಳು.

ಎಕ್ಕದ ಹಾಲು ಬಿದ್ದರೆ ಕಣ್ಣೇ ಹೋಗುತ್ತದಂತೆ. ನನಗೆ ಮಾತ್ರ ಬಂಡೂರಿನ ನಮ್ಮ ಹಿತ್ತಿಲವರೆಗೂ ಕಾಣಿಸಿತು.