ಬೆಳ್ಳಿ ಡಬ್ಬಿಯೊಳಗಿನ ಸಿಗಡಿ

ಮೊದಲು ಹುಲಿಗೆಮ್ಮನ ತುಟಿ ಊದಿತು. ಆಮೇಲೆ ಕಣ್ಣು. ನಂತರ ಉಸಿರಿನಲ್ಲಿ ಸಿಳ್ಳೆಯಂಥ ಸದ್ದು.

ಹುಲಿಗೆಮ್ಮ ಬುಕ್ಕಸಾಗರದವಳು. ಹೊಸಪೇಟೆಯ ನಮ್ಮ ಮನೆಗೆ ಬಾಳೆ ಎಲೆ ತರುತ್ತಾಳೆ. ಅಮ್ಮನಿಗೂ ಅವಳಿಗೂ ಒಂದೇ ವಯಸ್ಸು, ಒಂದೇ ಮಂಡಿನೋವು.

"ಅಮ್ಮಾರ, ಈಗೀಗ ಮಸ್ತ್ ಅಡ್ಡಾಡಾಕತ್ತೀರಿ. ಏನ್ರೀ ಗುಟ್ಟು?"

"ಮಣಕಾಲಿನ ಗುಳಿಗಿ. ನೀನೂ ಒಂದು ನುಂಗು" ಎಂದು ಅಮ್ಮ ತಮ್ಮ ಬೆಳ್ಳಿ ಡಬ್ಬಿಯಿಂದ ಒಂದನ್ನು ತೆಗೆದುಕೊಟ್ಟರು.

ಅಮ್ಮನದು ಕಟ್ಟುನಿಟ್ಟಿನ ಮಡಿ. ಅಂಗಡಿಯ ಪ್ಲಾಸ್ಟಿಕ್ ಬಾಟಲಿ ಮಡಿಗೆ ಬರುತ್ತದೆಯೇ? ತಂದ ದಿನವೇ ಗುಳಿಗೆಗಳನ್ನು ಬೆಳ್ಳಿ ಡಬ್ಬಿಗೆ ಸುರಿದು ಬಾಟಲಿಯನ್ನು ಎಸೆಯುತ್ತಾರೆ. (ಜೊತೆಗೆ ಲೇಬಲ್ಲೂ ಹೋಗುತ್ತದೆಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.)

ಹುಲಿಗೆಮ್ಮನನ್ನು ಕಾರಿಗೆ ಹತ್ತಿಸಿ ಆಸ್ಪತ್ರೆಗೆ ಧಾವಿಸಿದೆ. ಆಸ್ಪತ್ರೆಯ ಗೇಟಿಗೆ ಅಡ್ಡ ನಿಂತಿದ್ದ ಆಟೋವನ್ನು ಅದರ ಡ್ರೈವರ್ ನಾನು ಕೇಳುವ ಮೊದಲೇ ಹಿಂದಕ್ಕೆ ತೆಗೆದ. ಡಾಕ್ಟರಮ್ಮ ಮೊದಲು ಇಂಜೆಕ್ಷನ್ ಕೊಟ್ಟರು, ಪ್ರಶ್ನೆ ಆಮೇಲೆ ಕೇಳಿದರು. ಆ ಇಬ್ಬರಿಗೂ ನಾನು ಋಣಿ.

ಉಸಿರು ಹದಕ್ಕೆ ಬಂತು. "ಯಾವುದಾದರೂ ಆಹಾರ ಆಗಿಬರಲ್ವಾ?" ಎಂದು ಡಾಕ್ಟರ್ ಕೇಳಿದರು.

"ಸಿಗಡಿ ಆಗಂಗಿಲ್ರೀ. ಹಿಂದೊಮ್ಮೆ ತಿಂದು ಮಾರಿ ಬಾತಿತ್ತು. ಆದ್ರ ಇವರ ಮನ್ಯಾಗ ಉಳ್ಳಾಗಡ್ಡಿನೂ ಇಲ್ರೀ, ಸಿಗಡಿ ಎಲ್ಲಿಂದ ಬರಬೇಕು?"

ನಾನು ಗುಳಿಗೆಯ ಹೆಸರು ಹೇಳಿದೆ: ಗ್ಲುಕೋಸಮೈನ್.

ಡಾಕ್ಟರ್ ನಿಧಾನವಾಗಿ ವಿವರಿಸಿದರು. ಸಿಗಡಿ, ಏಡಿಗಳ ಚಿಪ್ಪನ್ನು ತೊಳೆದು, ಆಮ್ಲದಲ್ಲಿ ಕುದಿಸಿ, ಅದರಿಂದ ಸಕ್ಕರೆ ಜಾತಿಯ ಒಂದು ವಸ್ತು ತೆಗೆಯುತ್ತಾರೆ. ಬಹಳಷ್ಟು ಗ್ಲುಕೋಸಮೈನ್ ತಯಾರಾಗುವುದು ಹೀಗೆಯೇ. ಚಿಪ್ಪಿಗೆ ಅಂಟಿದ ಮಾಂಸದ ಅಂಶ ಪೂರ್ತಿ ಹೋಗದಿದ್ದರೆ ಅಪರೂಪಕ್ಕೆ ಹೀಗಾಗಬಹುದು. ಬಾಟಲಿಯ ಲೇಬಲ್ಲಿನ ಮೇಲೆ ಸಾಮಾನ್ಯವಾಗಿ ಇದನ್ನು ಬರೆದಿರುತ್ತಾರೆ; ಸಿಗಡಿ ಆಗದವರು ಡಾಕ್ಟರನ್ನು ಕೇಳದೆ ನುಂಗಬಾರದು.

ಮರುದಿನ ಹುಲಿಗೆಮ್ಮನನ್ನು ಮನೆಗೆ ಕರೆತಂದೆ. ಅಮ್ಮ ಬಾಗಿಲಲ್ಲೇ ಅವಳ ಎರಡೂ ಕೈ ಹಿಡಿದುಕೊಂಡರು.

"ಅಳಬ್ಯಾಡ್ರೀ ಅಮ್ಮಾರ. ಊರಾಗ ಹೇಳಿದ್ರ ಯಾರರ ನಂಬ್ತಾರೇನ್ರೀ? ಆಚಾರ್ರ ಮನ್ಯಾಗ ಸಿಗಡಿ ತಿಂದು ದವಾಖಾನಿ ಸೇರಿದೆ ಅಂದ್ರ!"

ಅಮ್ಮ ಅಳುತ್ತಲೇ ನಕ್ಕರು. ಅಷ್ಟರಲ್ಲಿ ಕಮಲಾಪುರದಿಂದ ಸೋದರಮಾವನ ಫೋನ್ ಬಂತು. ಸುದ್ದಿ ಅವರಿಗೂ ಮುಟ್ಟಿತ್ತು. "ಅಕ್ಕಾ, ಇಷ್ಟು ದಿನ ಸಿಗಡಿ ನುಂಗೀಯಲ್ಲ! ಜಲ್ದಿ ಪಂಚಗವ್ಯ ತಗೋ. ಶುದ್ಧಿ ಆಗಬೇಕು."

ಅಮ್ಮ ಎಲೆ ಹಾಸುತ್ತಿದ್ದರು.

"ಅದು ನಾಳಿಗೆ ನೋಡೋಣು. ಮೊದಲು ಇಕಿ ಉಣ್ಲಿ."