ಟೆಂಟ್ ಸಿನಿಮಾದ ಇಂಜಿನ್ನು ನಮ್ಮ ಗಾಡಿಗೆ ಬಂದದ್ದು

ನಾನು ಮದುವೆಯಾಗಿ ಸಂತೇಬೆನ್ನೂರಿನಿಂದ ಹೊನ್ನಾಳಿಗೆ ಬಂದಾಗ ಮನೆಯಲ್ಲಿ ಅತ್ತೆ, ಗಂಡ ಮತ್ತು ಒಂದು ಹಳೇ ಪೆಟ್ರೋಲ್ ಪಿಕಪ್ ಇದ್ದರು. ‘ಇದ್ದರು’ ಅಂತ ಬೇಕೆಂದೇ ಬರೆದಿದ್ದೇನೆ. ಆ ಗಾಡಿಗೆ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇತ್ತು. ಮಾವನವರು ಯಾವುದೋ ಹರಾಜಿನಲ್ಲಿ ಹಿಡಿದು ತಂದಿದ್ದರಂತೆ. ಅವರು ತೀರಿಕೊಂಡ ಮೇಲೆ ನನ್ನ ಗಂಡ ಪ್ರತಿ ಸೋಮವಾರ ಅದರ ಮೂತಿಗೆ ವಿಭೂತಿ ಹಚ್ಚುತ್ತಿದ್ದರು.

ನಮ್ಮದು ಶಾಮಿಯಾನ ಮತ್ತು ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಸುತ್ತಲಿನ ಊರುಗಳಲ್ಲಿ ಯಾರ ಮದುವೆಯಾದರೂ ನಮ್ಮ ಕೊಳಗ, ಹಂಡೆ, ಕಂಬ, ಬಟ್ಟೆ ಹೊತ್ತು ಆ ಪಿಕಪ್ ಹೋಗಬೇಕು. ಎಪ್ಪತ್ತರ ದಶಕದಲ್ಲಿ ಪೆಟ್ರೋಲ್ ದರ ಒಂದೇ ಸಮನೆ ಏರತೊಡಗಿದಾಗ ಗಾಡಿ ಅಂಗಳ ಬಿಟ್ಟು ಹೊರಡುವುದೇ ಕಡಿಮೆಯಾಯಿತು. ಅತ್ತೆ ಅದರ ಬಾನೆಟ್ಟಿನ ಮೇಲೆ ಹಪ್ಪಳ ಒಣಗಿಸಲು ಶುರು ಮಾಡಿದರು. ನನ್ನ ಗಂಡನಿಗೆ ಅದನ್ನು ನೋಡಲಾಗಲಿಲ್ಲ. ಎರಡು ಹೊತ್ತು ಊಟದ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹಪ್ಪಳವನ್ನು ಮಾತ್ರ ತಿಂದರು.

ಪೇಟೆಯ ತುದಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಮೋಡ ಕವಿದ ದಿನವೂ ಕೂಲಿಂಗ್ ಗ್ಲಾಸ್ ತೆಗೆಯದವನು, ತನಗೆ ಗೊತ್ತಿಲ್ಲದ್ದು ಇಂಜಿನ್ ಲೋಕದಲ್ಲಿ ಇಲ್ಲವೇ ಇಲ್ಲ ಎಂದು ನಂಬಿದವನು. ಅವನೇ ಬಂದು ನನ್ನ ಗಂಡನ ತಲೆಗೆ ಹುಳ ಬಿಟ್ಟ.

“ಅಣ್ಣಾ, ಪೆಟ್ರೋಲ್ ಇಂಜಿನ್ ಕಿತ್ತು ಒಗೀರಿ. ಡೀಸೆಲ್ ಇಂಜಿನ್ ಕೂರಿಸಿ ಕೊಡ್ತೀನಿ. ಅದರಾಗೇನೈತೆ?”

“ಮಾಡಾಕೆ ಬರ್ತೈತೇನಪ್ಪಾ ನಿನಗೆ?” ಎಂದರು ಅತ್ತೆ.

“ಬರದೇ ಇರಾಕೆ ಅದೇನು ಸಂಸ್ಕೃತವೇನಮ್ಮ?”

ಡೀಸೆಲ್ ಇಂಜಿನ್ನನ್ನು ಹುಡುಕಿಕೊಂಡು ಹೋದದ್ದು ಜಗಳೂರಿಗೆ. ಅಲ್ಲಿ ಟೆಂಟ್ ಸಿನಿಮಾ ನಡೆಸುತ್ತಿದ್ದ ಯಜಮಾನರೊಬ್ಬರು ಡೇರೆ ಮಡಿಸಿದ್ದರು. ಕಟ್ಟಡದ ಟಾಕೀಸು ಬಂದ ಮೇಲೆ ಮಣ್ಣಿನ ಮೇಲೆ ಕೂತು ಸಿನಿಮಾ ನೋಡುವವರು ಇಲ್ಲವಾಗಿದ್ದರು. ಟೆಂಟಿಗೆ ಕರೆಂಟು ಕೊಡುತ್ತಿದ್ದ ಜನರೇಟರಿನ ಡೀಸೆಲ್ ಇಂಜಿನ್ ಮಾತ್ರ ಅವರ ಮನೆಯ ಪಡಸಾಲೆಯಲ್ಲಿ ಹಳೇ ಪರದೆ ಹೊದ್ದು ಕೂತಿತ್ತು. ನಾನೂ ಜೊತೆಗೆ ಹೋಗಿದ್ದೆ. ಯಜಮಾನರು ಪರದೆ ಸರಿಸಿ ತೋರಿಸಿದ ರೀತಿ ಹೆಣ್ಣು ತೋರಿಸಿದ ಹಾಗಿತ್ತು.

“ಇದರ ಸದ್ದು ಕೇಳಿದ್ರೆ ಸಾಕಿತ್ತು ರೀ, ಸೊಕ್ಕೆ ಕಡೆಯಿಂದೆಲ್ಲಾ ಜನ ಗಾಡಿ ಕಟ್ಟಿಕ್ಯಂಡು ಬರೋರು. ಒಂದಿನಾನೂ ಆಟದ ನಡುವೆ ನಿಂತಿಲ್ಲ. ರೀಲ್ ಹರಿದೈತೆ, ಪರದೆ ಹರಿದೈತೆ, ಇದು ನಿಂತಿಲ್ಲ.”

ದುಡ್ಡಿನ ಮಾತು ಅವರು ಎತ್ತಲೇ ಇಲ್ಲ. ಅವರ ಮಗಳ ಮದುವೆ ನ್ಯಾಮತಿಯಲ್ಲಿ, ಗಂಡಿನ ಮನೆಯ ಅಂಗಳದಲ್ಲಿ ಗೊತ್ತಾಗಿತ್ತು. ಶಾಮಿಯಾನ, ಪಾತ್ರೆ ಎಲ್ಲ ನಮ್ಮದು, ಇಂಜಿನ್ ನಮಗೆ ಅಂತ ಮಾತಾಯಿತು. ಇಂಜಿನ್ನನ್ನು ಲಾರಿಗೆ ಏರಿಸುವಾಗ ಯಜಮಾನರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಹೊನ್ನಾಳಿಯ ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ಮೊದಲ ತೊಂದರೆ ಎಂದರೆ ಆ ಇಂಜಿನ್ನಿನ ಒಂದು ತುದಿಯಲ್ಲಿ ರಾಗಿಕಲ್ಲಿನಷ್ಟು ದೊಡ್ಡ ಗಾಲಿ ಇತ್ತು. ಆ ತುದಿಯನ್ನು ಗೇರ್‌ಬಾಕ್ಸಿನ ಕಡೆಗೆ ಕೂರಿಸಲು ನೋಡಿದರೆ ಗಾಲಿ ಕ್ಯಾಬಿನ್ನಿನ ತಗಡಿಗೆ ಬಡಿಯುತ್ತಿತ್ತು. ಮೆಕ್ಯಾನಿಕ್ ಒಂದು ಬೀಡಿ ಸೇದುವಷ್ಟು ಹೊತ್ತು ಯೋಚಿಸಿ ಇಂಜಿನ್ನನ್ನೇ ತಿರುಗಿಸಿ ಇಟ್ಟ. ಗಾಲಿ ಮುಂದಕ್ಕೆ ಬಂತು. ಹಿಂದಿನ ಸಣ್ಣ ತುದಿ ಗೇರ್‌ಬಾಕ್ಸಿಗೆ ಸೇರಿತು. “ನೋಡ್ರಿ, ತಲಿ ಅನ್ನೋದು ಕೂದಲು ಬೆಳೆಸಾಕಷ್ಟೇ ಅಲ್ಲ” ಎಂದ. ನಾವೂ ಹೌದೆಂದು ತಲೆಯಾಡಿಸಿದೆವು.

ನಾಳಿದ್ದು ನ್ಯಾಮತಿಯಲ್ಲಿ ಮದುವೆ ಎನ್ನುವ ದಿನ ಗಾಡಿ ಸಿದ್ಧವಾಯಿತು. ಅತ್ತೆ ಬಂದು ಕಾಯಿ ಒಡೆದರು. ಮೆಕ್ಯಾನಿಕ್ ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಿದ. ಡಗ್ ಡಗ್ ಡಗ್ ಎಂದು ಇಂಜಿನ್ ಮಾತಾಡಿತು. ಶೆಡ್ಡಿನ ಗೋಡೆಯ ಮೇಲಿದ್ದ, ನಟ್ಟು ಬಿಚ್ಚುವ ಪಾನೆಗಳೆಲ್ಲ ಒಂದೊಂದಾಗಿ ಕೆಳಗೆ ಬಿದ್ದವು. ನನ್ನ ಗಂಡ ದೇವರ ಹೆಸರು ಹೇಳಿ, ಒಂದನೇ ಗೇರಿಗೆ ಹಾಕಿ, ಕ್ಲಚ್ ಬಿಟ್ಟರು.

ಗಾಡಿ ಹಿಂದಕ್ಕೆ ಹೋಯಿತು.

ಹಿಂದೆ ಕಬ್ಬಿನ ಹಾಲಿನ ಅಂಗಡಿ ಇತ್ತು. ಅಂಗಡಿಯವನು ಕಬ್ಬಿನ ಕಟ್ಟನ್ನು ತಬ್ಬಿಕೊಂಡು ಪಕ್ಕಕ್ಕೆ ಹಾರಿದ. ಬೆಂಚು ಮುರಿಯಿತು.

“ಗೇರ್ ನೋಡಿ ಹಾಕಬಾರದೇನಣ್ಣಾ?” ಮೆಕ್ಯಾನಿಕ್ ಕೂಗಿದ.

“ಒಂದನೇದೇ ಹಾಕಿದ್ನಲ್ಲೋ!”

ಎರಡನೇ ಗೇರು ಹಾಕಿದರು. ಇನ್ನೂ ಜೋರಾಗಿ ಹಿಂದಕ್ಕೆ ಹೋಯಿತು. ಕೊನೆಗೆ ಅನುಮಾನದಿಂದ ರಿವರ್ಸ್ ಹಾಕಿದರೆ ಗಾಡಿ ಗಂಭೀರವಾಗಿ ಮುಂದಕ್ಕೆ ಹೊರಟಿತು. ಇಂಜಿನ್ನನ್ನು ತಿರುಗಿಸಿ ಇಟ್ಟಾಗ ಅದು ಸುತ್ತುವ ದಿಕ್ಕೂ ತಿರುಗಿತ್ತು. ನಮ್ಮ ಗಾಡಿಗೆ ಈಗ ಮುಂದೆ ಹೋಗಲು ಒಂದು ಗೇರು, ಹಿಂದೆ ಹೋಗಲು ಮೂರು.

ಮೆಕ್ಯಾನಿಕ್ ಕೂಲಿಂಗ್ ಗ್ಲಾಸ್ ತೆಗೆದದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ. ಕಣ್ಣು ಸಣ್ಣವಿದ್ದವು.

“ಇಂಜಿನ್ನಂತೂ ಸರಿಗೈತೆ,” ಎಂದ. “ಗಾಡಿ ಉಲ್ಟಾ ಐತೆ.”

ಮರುದಿನ ಬೆಳಿಗ್ಗೆ ಸಾಮಾನು ನ್ಯಾಮತಿಗೆ ಮುಟ್ಟಲೇಬೇಕು. ಬೇರೆ ಗಾಡಿಗೆ ಕೇಳಿದರೆ ಲಗ್ನದ ದಿನಗಳು, ಒಂದೂ ಖಾಲಿ ಇಲ್ಲ. ಬೆಳಗಾದ ಮೇಲೆ ಇದ್ದೊಂದು ಗೇರಿನಲ್ಲೇ ಮುಂದಕ್ಕೆ ಹೊರಟೆವು. ಊರ ಗಡಿ ದಾಟುವ ಮುಂಚೆಯೇ ರೇಡಿಯೇಟರ್ ಕುದ್ದು, ನಮ್ಮ ಹಂಡೆಗಳಿಗಿಂತ ಜೋರಾಗಿ ಹಬೆ ಬಿಟ್ಟಿತು. ನಮ್ಮ ಪಕ್ಕದಲ್ಲಿ ನಡೆದು ಹೋಗುತ್ತಿದ್ದ ಮುದುಕಪ್ಪನೊಬ್ಬ ನಮ್ಮನ್ನು ದಾಟಿ ಹೋದ.

“ತಿರುಗಿಸು ಗಾಡೀನ,” ಎಂದರು ಅತ್ತೆ. “ಅದಕ್ಕೆ ಹಿಂದಕ್ಕೆ ಹೋಗೋ ಆಸೆ ಇದ್ರೆ ಹಿಂದಕ್ಕೇ ಹೋಗಲಿ. ನ್ಯಾಮತಿಗೆ ಮುಖ ತೋರಿಸಬೇಕು ಅಂತ ಯಾರು ಹೇಳಿದ್ರು?”

ಹಾಗೆ ನಾವು ಹೊನ್ನಾಳಿಯಿಂದ ನ್ಯಾಮತಿಗೆ ಹಿಂದುಮುಂದಾಗಿ ಹೋದೆವು. ನನ್ನ ಗಂಡ ಕತ್ತು ತಿರುಗಿಸಿ ಓಡಿಸಬೇಕು, ಆದರೆ ಹಿಂದಿನ ಕಿಟಕಿಯಲ್ಲಿ ಅವರಿಗೆ ಕಾಣುತ್ತಿದ್ದದ್ದು ಕೊಳಗಗಳ ತಳ ಮಾತ್ರ. ದಾರಿ ಹೇಳಲು ಯಾರಾದರೂ ಮೇಲೆ ನಿಲ್ಲಬೇಕಿತ್ತು. ಅತ್ತೆ ಶಾಮಿಯಾನದ ಬಟ್ಟೆ ಗಂಟಿನ ಮೇಲೆ ಆಗಲೇ ಕೂತಾಗಿತ್ತು. ಮದುವೆಗೆಂದು ಉಟ್ಟಿದ್ದ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಾನೇ ನಿಂತೆ.

ಎಡ, ಬಲ ಎಂದು ಕೂಗಿದರೆ ಯಾರ ಎಡ, ಯಾರ ಬಲ ಎಂದು ಗೊತ್ತಾಗದೆ ಮೊದಲನೇ ತಿರುವಿನಲ್ಲೇ ಜೋಳದ ಹೊಲಕ್ಕೆ ಇಳಿದೆವು. ಆಮೇಲೆ ನಾನೊಂದು ಉಪಾಯ ಮಾಡಿದೆ. ನನ್ನ ಗಂಡ ಕೂತದ್ದು ‘ಸ್ಟೇರಿಂಗ್ ಕಡೆ’, ಇನ್ನೊಂದು ‘ಖಾಲಿ ಕಡೆ’.

“ಖಾಲಿ ಕಡೆ! ಸ್ವಲ್ಪ ಖಾಲಿ ಕಡೆ! ಇನ್ನೂ ಖಾಲಿ ಕಡೆ!”

ಆ ಕಡೆ ಕೂತಿದ್ದ ಮೆಕ್ಯಾನಿಕ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ಅಕ್ಕಾ, ನಾನು ಇಲ್ಲಿ ಕುಂತೀನಿ ರೀ!”

“ಗೊತ್ತೈತಪ್ಪಾ. ಖಾಲಿ ಕಡೆ!”

ಅರ್ಧ ದಾರಿಯಲ್ಲಿ ನಮ್ಮ ಬೆನ್ನಿಗೆ ಒಂದು ಲಾರಿ ಬಂತು. ಅದರ ಡ್ರೈವರಿಗೆ ಕಂಡದ್ದು ತನ್ನ ದಾರಿಯಲ್ಲೇ ಎದುರಿಗೆ ಮುಖ ಮಾಡಿ, ಮೂತಿಗೆ ವಿಭೂತಿ ಬಳಿದುಕೊಂಡು ನಿಂತಿರುವ ಒಂದು ಪಿಕಪ್. ಅವನು ಹಾರನ್ ಒತ್ತಿದ. ನಾವು ಸರಿಯಲಿಲ್ಲ. ಪಾಪ, ಒಳ್ಳೆಯವನಿರಬೇಕು, ಲಾರಿಯನ್ನು ಪೂರ್ತಿ ಪಕ್ಕಕ್ಕೆ ತೆಗೆದು, ನಾವು ಹಾದು ಹೋಗಲಿ ಎಂದು ಕಾದು ನಿಂತ. ನಾವು ಅವನಿಂದ ದೂರ ದೂರ ಹೋಗುತ್ತಲೇ ಇದ್ದೆವು. ಅವನು ಕೆಳಗಿಳಿದು ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದದ್ದು ತಿರುವಿನ ತನಕ ನನಗೆ ಕಂಡಿತು.

ಅತ್ತೆ ಮಾತ್ರ ಬಹಳ ಖುಷಿಯಲ್ಲಿದ್ದರು. “ಇಷ್ಟು ವರ್ಷ ಈ ಗಾಡಿ ಹಿಂದೆ ಕುಂತು ಬರೀ ಧೂಳು ನೋಡಿದ್ದೆ. ಇವತ್ತು ಬರೋ ಊರು ಕಾಣ್ತೈತೆ ನೋಡು” ಎಂದರು.

ನ್ಯಾಮತಿಯಲ್ಲಿ ಜಗಳೂರಿನ ಯಜಮಾನರು ಬೀದಿಗೆ ಬಂದು ದಾರಿ ಕಾಯುತ್ತಿದ್ದರು. ನಮ್ಮ ಗಾಡಿ ಕಾಣುವ ಮೊದಲೇ ಸದ್ದು ಅವರಿಗೆ ಮುಟ್ಟಿತಂತೆ. ಪಕ್ಕದಲ್ಲಿದ್ದವರಿಗೆ “ನನ್ನ ಇಂಜಿನ್ನು, ನನ್ನ ಇಂಜಿನ್ನು” ಎಂದು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಅಷ್ಟರಲ್ಲಿ ನಾವು ತಿರುವಿನಲ್ಲಿ ಕಾಣಿಸಿಕೊಂಡೆವು. ಮೊದಲು ಕೊಳಗ, ಕೊಳಗದ ಮಧ್ಯೆ ಕೈ ಎತ್ತಿ ನಿಂತ ನಾನು, ಗಂಟಿನ ಮೇಲೆ ಅತ್ತೆ, ಎಲ್ಲಕ್ಕಿಂತ ಕೊನೆಗೆ ಇಂಜಿನ್.

ಯಜಮಾನರು ಒರೆಸುತ್ತಿದ್ದ ಟವೆಲ್ಲನ್ನು ಕೆನ್ನೆಯ ಮೇಲೇ ನಿಲ್ಲಿಸಿ ಕೇಳಿದರು: “ತಂಗೀ, ಗಾಡಿ ಬರ್ತೈತೋ ಹೋಗ್ತೈತೋ?”

“ಬಂದೀವಿ ರೀ!” ಎಂದೆ.

ಗಂಡಿನ ತಂದೆ ಮುಖ ಗಂಟಿಕ್ಕಿಕೊಂಡು ಮುಂದೆ ಬಂದರು. ಅಡಿಕೆ ವ್ಯಾಪಾರಸ್ಥರು, ಶಕುನ ಬಹಳ ನೋಡುವವರು. “ಇದೇನ್ರಿ ಇದು? ಮದುವೆ ಸಾಮಾನು ಬೆನ್ನು ತೋರಿಸ್ಕ್ಯಂಡು ಬರೋದಾ? ನಮ್ಮ ಅಂಗಳಕ್ಕೆ ಇದನ್ನ ತರಾಕೆ ಬಿಡಲ್ಲ.”

ಸುತ್ತ ಸೇರಿದ್ದ ನೆಂಟರೆಲ್ಲ ಯಜಮಾನರ ಕಡೆ ತಿರುಗಿದರು. ಯಜಮಾನರ ಮುಖ ಬಿಳುಚಿಕೊಂಡಿತು. ಹೆಣ್ಣಿನ ತಂದೆ, ಪಾಪ, ಏನು ಹೇಳಿಯಾರು? ನನ್ನ ಗಂಡನ ಕತ್ತು ಹಿಂದಕ್ಕೆ ತಿರುಗಿದ್ದು ಮುಂದಕ್ಕೆ ಬರುತ್ತಿರಲಿಲ್ಲ.

ಅತ್ತೆ ನಿಧಾನವಾಗಿ ಕೆಳಗಿಳಿದರು. ಸೀರೆಯ ನೆರಿಗೆ ಕೊಡವಿಕೊಂಡರು.

“ಸರಿಯಾಗಿ ನೋಡ್ರಿ ಅಣ್ಣಾರೆ. ಅನ್ನದ ಕೊಳಗ ನಿಮ್ಮ ಮನಿಗೆ ಮುಖ ಮಾಡಿ ಬಂದೈತೋ ಇಲ್ಲೋ? ಮುತ್ತೈದೆ ನಿಮ್ಮ ಮನಿಗೆ ಮುಖ ಮಾಡಿ ಬಂದಾಳೋ ಇಲ್ಲೋ? ಬೆನ್ನು ತೋರಿಸಿದ್ದು ಹೊಗೆ ಉಗುಳೋ ಇಂಜಿನ್ನೊಂದೇ. ಅದನ್ನ ನಾವು ವಾಪಸ್ ತಗಂಡು ಹೋಗ್ತೀವಿ, ನಿಮ್ಮ ಮನ್ಯಾಗೆ ಇಡಾಕೆ ತಂದಿಲ್ಲ. ಬೇರೇರ ಗಾಡ್ಯಾಗೆ ಹೊಗೆ ಮುಂದೆ ಬರ್ತೈತೆ, ಅನ್ನ ಹಿಂದೆ ಬರ್ತೈತೆ. ನಿಮಗೆ ಯಾವುದು ಬೇಕು ಹೇಳ್ರಿ.”

ಗಂಡಿನ ತಂದೆ ಕೊಳಗ ನೋಡಿದರು, ನನ್ನನ್ನು ನೋಡಿದರು, ಇಂಜಿನ್ ನೋಡಿದರು. ಲೆಕ್ಕ ಸರಿಹೋದಂತೆ ಕಂಡಿತು. “ಆರತಿ ತರ್ರಿ” ಎಂದು ಒಳಗೆ ಕೂಗಿದರು. ನಮ್ಮ ಹಂಡೆಗಳಿಗೆ ಆರತಿಯಾಯಿತು.

ಮದುವೆಯ ಊಟದಲ್ಲಿ ಮೆಕ್ಯಾನಿಕ್ ನನ್ನ ಗಂಡನ ಪಕ್ಕದಲ್ಲಿ ಕೂತಿದ್ದ. ಅಡುಗೆಯವರು ಹತ್ತಿರದಲ್ಲೇ ಹೋಳಿಗೆ ಬೇಯಿಸುತ್ತಿದ್ದರು. ಒಬ್ಬಾಕೆ ಹಂಚಿನ ಮೇಲಿನ ಹೋಳಿಗೆ ಮಗುಚಿ ಹಾಕಿದಳು. ಅವನು ಎಲೆ ಬಿಟ್ಟು, ಕೈ ತೊಳೆಯದೆ, ಎದ್ದು ಗಾಡಿಯ ಹತ್ತಿರ ಓಡಿದ. ತುಪ್ಪದ ಕೈಯಲ್ಲೇ ಗಾಡಿಯ ಕೆಳಗೆ ಸೇರಿಕೊಂಡು ಅಲ್ಲಿಂದಲೇ ಕೂಗಿದ: “ಅಣ್ಣಾ! ಹಿಂದಿನ ಆಕ್ಸಲ್ಲನ್ನ ಮಗುಚಿ ಹಾಕಿದ್ರೆ ಗಾಲಿ ತಿರುಗೋ ದಿಕ್ಕೇ ಬದಲಾಗ್ತೈತೆ!”

ಪಾತ್ರೆ ವಾಪಸ್ ತೆಗೆದುಕೊಳ್ಳುವ ತನಕ ನಾವು ಅಲ್ಲೇ ಇರಬೇಕಿತ್ತು. ನಮ್ಮದೇ ಶಾಮಿಯಾನದ ನೆರಳಿನಲ್ಲಿ ಗಾಡಿಯನ್ನು ಕಲ್ಲುಗಳ ಮೇಲೆ ಏರಿಸಿ ಅವನು ಆಕ್ಸಲ್ ಬಿಚ್ಚಿ, ತಲೆಕೆಳಗು ಮಾಡಿ ಕಟ್ಟಿದ. ಜಗಳೂರಿನ ಯಜಮಾನರು ಮಗಳನ್ನು ಒಪ್ಪಿಸುವ ಶಾಸ್ತ್ರದ ನಡುವೆಯೂ ಎರಡು ಸಲ ಬಂದು ಪಾನೆ ಹಿಡಿದು ಹೋದರು. ಕೊನೆಗೆ ನನ್ನ ಗಂಡ ಒಂದನೇ ಗೇರು ಹಾಕಿದಾಗ ಗಾಡಿ ಮುಂದಕ್ಕೆ ಹೋಯಿತು. ಮೆಕ್ಯಾನಿಕ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಮೊದಲಿಂದಲೂ ಹೀಗೇ ಮಾಡುವ ಯೋಚನೆಯಿತ್ತು ಎಂದು ಗಂಡಿನ ತಂದೆಗೆ ವಿವರಿಸುತ್ತಿದ್ದ.

ಆಕ್ಸಲ್ ಉಸಿರಾಡುವ ತೂತು ಕೆಳಮುಖವಾಗಿದ್ದರಿಂದ ಹೋದಲ್ಲೆಲ್ಲ ಎಣ್ಣೆ ತೊಟ್ಟಿಕ್ಕುತ್ತಿತ್ತು. ಹಳೇ ಹವಾಯಿ ಚಪ್ಪಲಿಯ ತುಂಡು ತುರುಕಿದೆವು. ವೇಗವಂತೂ ಇರಲಿಲ್ಲ. ಆದರೆ ಚನ್ನಗಿರಿ, ಸಂತೇಬೆನ್ನೂರು, ಸೂಳೆಕೆರೆ ಸುತ್ತಿನ ಹಳ್ಳಿ, ಎಲ್ಲಿಗೆ ಕರೆದರೂ ಹೋಗಿ ಬಂತು. ಮರುವರ್ಷ ನಾನೂ ಅದರಲ್ಲೇ ಡ್ರೈವಿಂಗ್ ಕಲಿತೆ. ನನ್ನ ಗಂಡ ಕಲಿಸುವಾಗ ಕೂಗುತ್ತಿದ್ದರು, ಅತ್ತೆ ಹಿಂದೆ ಕೂತು ಅವರನ್ನು ಸುಮ್ಮನಿರಿಸುತ್ತಿದ್ದರು.

ಎಂಬತ್ತರ ದಶಕದ ಕೊನೆಗೆ ನಾವು ಹೊಸ ವ್ಯಾನ್ ತೆಗೆದುಕೊಂಡಾಗ ಟೆಂಟ್ ಸಿನಿಮಾದ ಕಾಲದಿಂದ ಅದರ ಸದ್ದು ಬಲ್ಲ ಸೊಕ್ಕೆಯ ರೈತರೊಬ್ಬರು ಬಾವಿಯಿಂದ ನೀರೆತ್ತಲು ಆ ಇಂಜಿನ್ ಕೇಳಿಕೊಂಡು ಬಂದರು. ನನ್ನ ಗಂಡ ಒಂದು ವಾರ ಸತಾಯಿಸಿ ಕೊಟ್ಟರು. ಲಾರಿಗೆ ಏರಿಸುವಾಗ ಮೆಕ್ಯಾನಿಕ್ ಹಗ್ಗ ಬಿಗಿದ, ಅತ್ತೆ ದಾರಿಗೆಂದು ರೊಟ್ಟಿ, ಚಟ್ನಿಪುಡಿ ಕಟ್ಟಿಕೊಟ್ಟರು. ಬೆಳೆ ಕೈಗೆ ಬಂದ ಮೇಲೆ ಆ ರೈತರು ತಮ್ಮ ಬಾವಿಯ ಮೊದಲ ನೀರಿನಲ್ಲಿ ಬೆಳೆದ ಈರುಳ್ಳಿ ಒಂದು ಚೀಲ ತಂದು ಕೊಟ್ಟು, ಅಂಗಳದಲ್ಲಿ ಕೂತು ಚಹಾ ಕುಡಿದು ಹೋದರು.